ಸ್ಕ್ಯಾಂಡಿಯಂ ಸಭೆಯಲ್ಲಿ ಅತ್ತೆ

ನನ್ನ ಸೋದರತ್ತೆಗೆ ಬಲಗಡೆಯ ಹುಬ್ಬಿರಲಿಲ್ಲ. ಫರ್ನೇಸಿನ ಬಾಯಿಗೆ ಬಗ್ಗಿ ಬಗ್ಗಿ ಅದು ಸುಟ್ಟುಹೋಗಿ, ಮತ್ತೆ ಬೆಳೆಯುವುದನ್ನೇ ಬಿಟ್ಟಿತ್ತು. ಮದುವೆಮನೆಗೂ ಹಾಗೇ ಹೋಗುತ್ತಿದ್ದರು. ಯಾರಾದರೂ ದಿಟ್ಟಿಸಿ ನೋಡಿದರೆ, "ಇನ್ನೊಂದು ಐತಲ್ಲ, ಅದ್ನ ನೋಡಿ" ಎನ್ನುತ್ತಿದ್ದರು.

ಮಾವ ತೀರಿಕೊಂಡ ಮೇಲೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿದ್ದ ಅಲ್ಯೂಮಿನಿಯಂ ಫೌಂಡ್ರಿಯನ್ನು ಅತ್ತೆಯೇ ನಡೆಸಿದರು. ಬಿ.ಕಾಂ. ಮುಗಿಸಿ ನಾನು ಅಲ್ಲಿ ಆರ್ಡರುಗಳನ್ನು ನೋಡಿಕೊಳ್ಳಲು ಸೇರಿದೆ. ಹಣೆಗೆ ವಿಭೂತಿ ಹಚ್ಚಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬರುತ್ತಿದ್ದ ಅತ್ತೆ, ಮೊದಲು ಹಿಂದಿನ ದಿನದ ಎರಕದ ಒಂದು ತುಂಡನ್ನು ಸುತ್ತಿಗೆಯಿಂದ ಒಡೆಯುತ್ತಿದ್ದರು. ಒಡೆದ ಕಡೆ ಹರಳು ದಪ್ಪಗಿದ್ದರೆ, ಎಂದರೆ ಎರಕ ಕೆಟ್ಟಿದ್ದರೆ, ಆ ದಿನ ಯಾರ ಜೊತೆಗೂ ಮಾತಿಲ್ಲ.

ನಾನು ಸೇರಿದ ಎರಡನೇ ವರ್ಷ ಕೆಲಸ ಕಡಿಮೆಯಾಯಿತು. ಎರಡು ಫರ್ನೇಸುಗಳಲ್ಲಿ ಒಂದನ್ನು ಆರಿಸಬೇಕು ಎನ್ನುವ ಹೊತ್ತಿಗೆ ಒಂದು ಕಂಪನಿಯ ಅಧಿಕಾರಿ ಬಂದರು; ನನ್ನ ದಿನಚರಿಯ ಪ್ರಕಾರ ಅದು ಮಂಗಳವಾರ. ಸ್ಕ್ಯಾಂಡಿಯಂ ಎಂಬ ಅಪರೂಪದ ಲೋಹ ತೆಗೆಯುವ ಕಾರ್ಖಾನೆಯನ್ನು ಅವರು ಕಟ್ಟಬೇಕೆಂದಿದ್ದರು. ಚಿಟಿಕೆಯಷ್ಟು ಬೆರೆಸಿದರೆ ಅಲ್ಯೂಮಿನಿಯಂ ಹಗುರವಾಗಿಯೇ ಉಳಿದು ಗಟ್ಟಿಯಾಗುತ್ತದೆ, ವಿಮಾನಕ್ಕೆ, ಬ್ಯಾಟರಿ ಗಾಡಿಗೆ ಬೇಕಾಗುತ್ತದೆ ಎಂದರು. ಮಾದರಿಗೆಂದು ಒಂದು ತುಂಡನ್ನೂ ಕೊಟ್ಟರು. ಅತ್ತೆ ಅದನ್ನು ಬೆರೆಸಿ, ಸರಳು ಎರೆದು, ಸುತ್ತಿಗೆ ಬೀಸಿದರು. ಸರಳು ಬಾಗಿತು, ಮುರಿಯಲಿಲ್ಲ. ಮತ್ತೆ ಬೀಸಿದರು.

"ಎಂಥಾ ಮಾಲು ಕಣೇ ಇದು!"

ಆದರೆ ಕಾರ್ಖಾನೆ ಏಳಬೇಕಾದರೆ, ಮುಂದೆ ಎಷ್ಟು ಬೇಡಿಕೆ ಬರಬಹುದೆಂದು ಸಾಲ ಕೊಡುವವರಿಗೆ ತೋರಿಸಬೇಕಿತ್ತು. ಅದಕ್ಕಾಗಿ ಶನಿವಾರ ಫೌಂಡ್ರಿಯವರ ಸಭೆ ಕರೆದರು. ವರ್ಷಕ್ಕೆ ನೂರು ಕೆಜಿಯಾದರೂ ಬೇಕೆನ್ನುವವರಿಗೆ ಕಂಪನಿಯ ಮಾಮೂಲಿ ಎರಕದ ಕೆಲಸ ಕೂಡಲೇ ಸಿಗುತ್ತಿತ್ತು. ಸಿಕ್ಕರೆ ನಮ್ಮ ಎರಡನೇ ಫರ್ನೇಸು ಉಳಿಯುತ್ತಿತ್ತು. ಮಾವನ ಕಾಲದಿಂದ ಅದನ್ನು ನೋಡಿಕೊಂಡಿದ್ದ, ಪಕ್ಕದ ಹೆಡತಲೆ ಊರಿನ ಕೆಲಸಗಾರನೂ ಉಳಿಯುತ್ತಿದ್ದ.

ಶುಕ್ರವಾರ ಅತ್ತೆ ನನ್ನನ್ನು ಕರೆದುಕೊಂಡು ತಿ. ನರಸೀಪುರದ ಬಸ್ಸು ಹತ್ತಿದರು. ಬೆಳೆಗೆ ಔಷಧಿ ಹೊಡೆಯುವ ಯಂತ್ರ ತಯಾರಿಸುವ ನಮ್ಮ ದೊಡ್ಡ ಗಿರಾಕಿ ಅಲ್ಲಿದ್ದ.

"ಬೆನ್ನಿಗಾಕೋ ಮಿಷಿನ್ನ ಅಗುರ ಮಾಡ್ಕೊಟ್ರೆ ಎಷ್ಟು ಜಾಸ್ತಿ ಕೊಡ್ತೀಯಪ್ಪಾ?"

"ಅಕ್ಕಾ, ಎಮ್ಮಿಗೆ ಊರ್ ಕಡೆ ರೈತ್ರು ಈಗಿನ ರೇಟ್ಗೇ ಚೌಕಾಸಿ ಮಾಡ್ತರೆ. ಅಗುರ ಆಯ್ತು ಅಂತ ನನ್ ಬೆನ್ನು ತಟ್ತರೆ, ಕಾಸು ಬಿಚ್ಚಕಿಲ್ಲ."

ಉಳಿದ ಗಿರಾಕಿಗಳನ್ನು ಫೋನಿನಲ್ಲಿ ಕೇಳಿದರು. ಯಾರೂ ಬೇಕೆನ್ನಲಿಲ್ಲ.

ಸಭೆಯಲ್ಲಿ ಒಬ್ಬರು ನೂರೈವತ್ತು ಎಂದರು, ಅವರ ಪಕ್ಕದವರು ಇನ್ನೂರು. ನಮ್ಮ ಸರದಿ ಹತ್ತಿರ ಬಂತು. "ನೂರು ಅಂದ್ಬುಡಿ ಅತ್ತೆ" ಎಂದು ಸೆರಗು ಜಗ್ಗಿದೆ. ಅವರು ಎದ್ದು ನಿಂತರು.

"ಮಾಲು ಭಾಳ ಚೆನ್ನಾಗೈತೆ ಸಾ. ನಮ್ಗೆ ಈಗ ಸೊನ್ನೆ."

ಹಿಂದಿನಿಂದ ಯಾರೋ ನಕ್ಕರು. ಅಧಿಕಾರಿಯ ಮುಖ ಬಿಗಿಯಿತು. "ಮುಂದೆ ಬೇಕಾಗಬಹುದು ಅಂತ ಅಷ್ಟೇ ಮೇಡಂ. ನಾಳೆ ನಿಮ್ಮನ್ನ ಯಾರೂ ಹಿಡಿದು ಕೇಳಲ್ಲ."

"ಯಾರೂ ಕೇಳ್ದೆ ಇರೋದನ್ನ ನೀವ್ಯಾಕ್ ಸಾ ಕೇಳ್ತಿದ್ದೀರಿ?"

ಅಧಿಕಾರಿ ಮುಂದಿನವರ ಕಡೆ ತಿರುಗಿದರು.

ಹೊರಗೆ ಬಂದು ಅತ್ತೆ ಸ್ಕೂಟರು ಹತ್ತಿದರು. ಮನೆಗೆ ಹೋಗದೆ ಹೆಡತಲೆಯ ರಸ್ತೆ ಹಿಡಿದರು. ಕೆಲಸಗಾರನಿಗೆ ಸೋಮವಾರ ಹೇಳಿದರಾಯಿತು ಎಂದೆ. "ಬೇರೆಯೋರ್ ಬಾಯಲ್ಲಿ ಅವನಿಗೆ ಗೊತ್ತಾಗ್ಬಾರ್ದು ಕಣೇ" ಎಂದರು.

ಅವನು ಹಿತ್ತಲಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಅತ್ತೆ ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿದರು.

"ನೂರು ಅಂದಿದ್ರೆ ನನ್ ಕೆಲ್ಸ ಉಳೀತಿತ್ತಾ ಅಕ್ಕಾ?"

"ಉಳೀತಿತ್ತು."

"ಮತ್ಯಾಕ್ ಅನ್ನಲಿಲ್ಲ?"

"ಇಲ್ದಿರೋ ಗಿರಾಕಿನ ಐತೆ ಅನ್ನಕ್ಕೆ ಬಾಯಿ ಬರ್ಲಿಲ್ಲ ಕಣಪ್ಪ."

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನು ಬಿಟ್ಟುಹೋದ ಹುಲ್ಲನ್ನು ಅತ್ತೆ ಎಮ್ಮೆಗೆ ಹಾಕಿ ಬಂದರು.

ಆ ವಾರವೇ ಎರಡನೇ ಫರ್ನೇಸು ಆರಿತು. ಅತ್ತೆ ಊರೆಲ್ಲ ವಿಚಾರಿಸಿದರೂ ಅವನಿಗೆ ಬೇರೆ ಕೆಲಸ ಸಿಗಲು ತಿಂಗಳುಗಳೇ ಹಿಡಿದವು. ಕಂಪನಿಯ ಕಾರ್ಖಾನೆ ಇನ್ನೂ ಎದ್ದಿಲ್ಲ. ಮುಂದೆ ಏಳಲೂಬಹುದು, ಆ ಲೋಹಕ್ಕೆ ಗಿರಾಕಿಗಳು ಬರಲೂಬಹುದು. ಅತ್ತೆ ಮಾಡಿದ್ದು ಸರಿಯೇ ಎಂದು ನನಗೆ ಒಮ್ಮೊಮ್ಮೆ ಅನುಮಾನವಾಗುತ್ತದೆ. ಆದರೆ ಯಾರಿಗಾದರೂ ಆಗುವುದಿಲ್ಲ ಎನ್ನಬೇಕಾದಾಗ ನಾನೀಗ ಫೋನು ಮಾಡುವುದಿಲ್ಲ, ಹೋಗಿ ಹೇಳುತ್ತೇನೆ.

ಕಳೆದ ಕಾರ್ತಿಕದಲ್ಲಿ ಅತ್ತೆ ಎದೆನೋವಿನಿಂದ ತೀರಿಕೊಂಡರು. ಶವಯಾತ್ರೆಗೆ ಅವರನ್ನು ಕೂರಿಸಿದ ಹೂವಿನ ವಿಮಾನ ಎತ್ತುವಾಗ ಮುಂದಿನ ಬಿದಿರ ಬೊಂಬಿಗೆ ಹೆಗಲು ಕೊಟ್ಟವನು ಹೆಡತಲೆಯ ಆ ಕೆಲಸಗಾರ.

"ಕೆಲ್ಸದಿಂದ ತೆಗೆದೋರ್ಗೂ ಎಗಲು ಕೊಡ್ತೀಯೇನ್ಲಾ?" ಎಂದು ಹಿಂದಿದ್ದವನೊಬ್ಬ ಕೆಣಕಿದ.

"ಮನೆಗಂಟ ಬಂದು, ಮಕ ನೋಡಿ ಯೇಳಿದ್ರು ಕಣ್ಲಾ. ಸುಮ್ನೆ ನಡಿ."