ಅಂಟಿ ನಿಲ್ಲದ ಬಿಳಿ ಕಣಗಳು

ಕೊಲ್ಲಿ ದೇಶದ ಮವಾಲೇಹ್ ಬಡಾವಣೆಯ ನಮ್ಮ ಮನೆಯಲ್ಲಿ ನನ್ನ ಮಗನಿಗೆ ತಿಂಗಳು ತುಂಬಿದರೂ ಹೊಕ್ಕುಳಬಳ್ಳಿ ಉದುರಲಿಲ್ಲ. ಸೋಂಕು, ಜ್ವರ ಬಿಡಲೇ ಇಲ್ಲ. ಪರೀಕ್ಷೆಗಳಾದ ಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು: ಬಿಳಿ ರಕ್ತಕಣಗಳು ಬೇಕಾದಷ್ಟಿವೆ, ಆದರೆ ರಕ್ತನಾಳದ ಗೋಡೆಗೆ ಅಂಟಿ ನಿಲ್ಲಲಾರವು. ಅದಕ್ಕೆ ನೆರವಾಗುವ ಒಂದು ಪ್ರೋಟೀನ್ ಇವನಲ್ಲಿಲ್ಲ. ಹಾಗಾಗಿ ಅವು ಸೋಂಕಿನ ಜಾಗಕ್ಕೆ ತಲುಪುವುದೇ ಇಲ್ಲ.

ಸರಿಯಾದ ರಕ್ತಕಣ ಹುಟ್ಟಬೇಕಾದರೆ ಬೇರೆಯವರ ಅಸ್ಥಿಮಜ್ಜೆ ಕಸಿ ಮಾಡಬೇಕಿತ್ತು. ಒಂಬತ್ತು ವರ್ಷದ ಅಕ್ಕನದು ಅವನಿಗೆ ಹೊಂದಿತು.

"ಅಮ್ಮಾ, ಕೊಟ್ರೆ ನಂಗೆ ಕಡಿಮೆ ಆಗ್ತದಾ?" ಎಂದು ಅವಳು ಕೇಳಿದಳು.

"ಇಲ್ಲ ಮಗಾ, ಪುನಃ ಹುಟ್ತದೆ."

"ಹಾಗಾದ್ರೆ ಸ್ವಲ್ಪ ಜಾಸ್ತಿಯೇ ತೆಗೀಲಿ."

ಕಸಿ ಮಾಡಿದರು. ಈಗ ಅವನಿಗೆ ಮೂರು ವರ್ಷ. ಕಳೆದ ವಾರ ಪಾರ್ಕಿನಲ್ಲಿ ಬಿದ್ದು ಮೊಣಕಾಲು ತರಚಿಕೊಂಡ. ನಾನು ಗಳಿಗೆಗೊಮ್ಮೆ ಪಟ್ಟಿ ಬಿಚ್ಚಿ ನೋಡುತ್ತಿದ್ದೆ. ಐದನೇ ದಿನ ಮಗಳು ನನ್ನ ಕೈ ಹಿಡಿದಳು.

"ಖಲಾಸ್ ಅಮ್ಮಾ, ಒಣಗಿದೆ. ಇನ್ನು ಅವನನ್ನು ಆಡ್ಲಿಕ್ಕೆ ಬಿಡು."