ರೆಕ್ಕೆ ಕತ್ತರಿಸಲು ಬೈಕಂಪಾಡಿಗೆ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಐದೂವರೆಗೆ ನನ್ನ ಹಳೆಯ ಕಾರಿನಲ್ಲಿ ಹಾಸನ ಬಿಟ್ಟೆ. ಮಂಗಳೂರಿಗೆ ಸುಮಾರು ನೂರೆಪ್ಪತ್ತು ಕಿಲೋಮೀಟರು. ಜೇಬಿನಲ್ಲಿ ಸಾರಿಗೆ ಕಚೇರಿಯ ನೋಟಿಸಿತ್ತು: ಕಾರು ನೋಂದಣಿ ಪುಸ್ತಕದಲ್ಲಿ ಬರೆದ ಹಾಗೆ ಇಲ್ಲ, ಮೂಲ ಆಕಾರಕ್ಕೆ ತರುವವರೆಗೆ ರಸ್ತೆಗೆ ಇಳಿಸುವಂತಿಲ್ಲ. ಮಂಗಳೂರಿನ ಹೊರವಲಯದ ಬೈಕಂಪಾಡಿ ತಲುಪಲು ಮಾತ್ರ ಕಾಡಿಬೇಡಿ ಅನುಮತಿ ಪಡೆದಿದ್ದೆ.

ಆ ಆಕಾರ ಕೊಟ್ಟವರು ಬೈಕಂಪಾಡಿಯ ಸದಾಶಿವ ಆಚಾರಿ. ಬಸ್ಸುಗಳಿಗೆ ಬಾಡಿ ಕಟ್ಟುವ ಕಡೆ ತಗಡು ಬಡಿಯುವುದು ಅವರ ಕೆಲಸ. ಹಡಗಿನವನೊಬ್ಬ ಬಿಟ್ಟುಹೋದ ಅಮೆರಿಕದ ಪತ್ರಿಕೆಯೊಂದು ಹೇಗೋ ಅವರ ಕೈಸೇರಿತ್ತು. ಎರಡನೇ ಮಹಾಯುದ್ಧ ಮುಗಿದ ಕಾಲಕ್ಕೆ ಅಲ್ಲಿನ ತರುಣರು ಹಳೆಯ ಕಾರುಗಳ ಮಾಡು, ಅಂದರೆ ಮೇಲ್ಛಾವಣಿ, ಕತ್ತರಿಸಿ ತಗ್ಗಿಸಿ, ಸಂದುಗಳಿಗೆ ಸೀಸ ಕರಗಿಸಿ ತುಂಬಿ, ಯಾವ ಕಾರ್ಖಾನೆಯೂ ಕೊಡದ ರೂಪ ಕೊಡುತ್ತಿದ್ದರಂತೆ. ಇಂಗ್ಲಿಷ್ ಬಾರದ ಆಚಾರಿ ಚಿತ್ರ ನೋಡಿಯೇ ಕಲಿತರು. ಮೂರು ವರ್ಷದ ಹಿಂದೆ ನನ್ನ ಕಾರಿನ ಮಾಡನ್ನು ನಾಲ್ಕು ಬೆರಳು ಇಳಿಸಿ, ಹಿಂಬದಿಗೆ ತಗಡಿನ ಎರಡು ರೆಕ್ಕೆ ಎಬ್ಬಿಸಿದರು. ಅವರು ಹಾಗೆ ಪೂರ್ತಿ ಮಾಡಿ ಮುಗಿಸಿದ್ದು ಅದೊಂದೇ ಕಾರು.

ಹೊರಡುವ ಮೊದಲು ಆಚಾರಿಯವರಿಗೆ ಒಂದು ಕಾರ್ಡು ಹಾಕಿದ್ದೆ. ಕೆಟ್ಟ ಸುದ್ದಿಯನ್ನು ಕಾಗದದಲ್ಲಿ ಬರೆಯಬಾರದೆಂದು ನಮ್ಮ ಮನೆಯಲ್ಲಿ ಕಲಿಸಿದ್ದರು. ಸಾವಿನ ಸುದ್ದಿಯೊಂದನ್ನು ಮಾತ್ರ ಬರೆಯುತ್ತಿದ್ದರು, ಓದಿದವರು ಅದನ್ನು ಹರಿದುಹಾಕುತ್ತಿದ್ದರು. ಹೀಗಾಗಿ ‘ಎಲ್ಲ ಕ್ಷೇಮ. ಶನಿವಾರ ಕಾರಿನೊಂದಿಗೆ ಬರುತ್ತೇನೆ. ಉಳಿದ ವಿಷಯ ಮುಖತಃ’ ಎಂದಷ್ಟೇ ಬರೆದೆ. ನಾನು ಹಲ್ಲಿನ ಡಾಕ್ಟರು. ದಿನಕ್ಕೆ ಹತ್ತು ಜನರ ಹಲ್ಲು ಕೀಳುವ ನನಗೆ ಇನ್ನೊಂದು ಸಾಲು ಬರೆಯುವ ಧೈರ್ಯ ಬರಲಿಲ್ಲ.

ಸಕಲೇಶಪುರದಲ್ಲಿ ಇಡ್ಲಿ ತಿಂದೆ. ಶಿರಾಡಿ ಘಾಟಿ ಇಳಿದು ಗುಂಡ್ಯ ಮುಟ್ಟುವಷ್ಟರಲ್ಲಿ ಬ್ರೇಕು ಕಾದು, ಮುಕ್ಕಾಲು ಗಂಟೆ ನಿಲ್ಲಬೇಕಾಯಿತು. ಕಾರಿನ ಸುತ್ತ ಜನ ಸೇರಿದರು. ಫಾರಿನ್ ಗಾಡಿಯೇ ಎಂದು ಲಾರಿ ಡ್ರೈವರೊಬ್ಬ ಕೇಳಿದ. ಅಲ್ಲ, ಮಂಗಳೂರಿನಲ್ಲಿ ಮಾಡಿಸಿದ್ದು ಎಂದೆ. ಹೆಮ್ಮೆಯಿಂದಲೇ ಹೇಳಿದೆ, ಮರುಕ್ಷಣವೇ ನನ್ನ ಬಗ್ಗೆ ಅಸಹ್ಯವಾಯಿತು. ಬಿ.ಸಿ. ರೋಡಿನಲ್ಲಿ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು, ಪೊಟ್ಟಣ ಬಿಚ್ಚದೆ ಪಕ್ಕದ ಸೀಟಿನಲ್ಲಿಟ್ಟೆ. ಕೂಳೂರು ಸೇತುವೆ ದಾಟುವಾಗ ಗಂಟೆ ಹನ್ನೊಂದೂವರೆ, ಅಂಗಿ ಬೆನ್ನಿಗೆ ಅಂಟಿತ್ತು.

ಆಚಾರಿ, ತಾವು ಬಾಡಿಗೆಗೆ ಹಿಡಿದ ಹೊಸ ಶೆಡ್ಡಿನ ಮುಂದೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ನಿಂತಿದ್ದರು. ನನ್ನನ್ನು ಮಾತಾಡಿಸುವ ಮೊದಲೇ ಕಾರಿನ ಮುಂಭಾಗಕ್ಕೆ ಮಲ್ಲಿಗೆ ಇಟ್ಟರು. ಬೆಲ್ಲ, ನೀರು ಕೊಟ್ಟು, ಪಟ್ಟಣದ ಹೋಟೆಲ್ ಧಣಿ ಶೆಟ್ಟರು ಈಗ ಬರುತ್ತಾರೆ ಎಂದರು. ಅವರ ಕಾರಿಗೂ ಹೀಗೇ ಮಾಡಿಕೊಡುತ್ತೇನೆಂದು ಎರಡು ವರ್ಷದಿಂದ ಶೆಟ್ಟರ ಹಿಂದೆ ಬಿದ್ದಿದ್ದರಂತೆ, ತೋರಿಸಲು ಮಾತ್ರ ಕಾರಿರಲಿಲ್ಲ. ನನ್ನ ಕಾರ್ಡು ಬಂದದ್ದೇ ಹೇಳಿಕಳಿಸಿದ್ದರು.

“ಬಸ್ಸಿನ ಕೆಲಸ ಮೊನ್ನೆ ಬಿಟ್ಟೆ ಡಾಕ್ಟ್ರೇ,” ಎಂದರು. “ಇನ್ನು ಇದೇ ಕೆಲಸ.”

ಆಗಲೇ ಹೇಳಬೇಕಿತ್ತು. ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದೆ.

ಶೆಟ್ಟರು ಬಂದರು, ಕಾರನ್ನು ಎರಡು ಸುತ್ತು ಹಾಕಿದರು. ರೆಕ್ಕೆಯ ಮೇಲೆ ಕೈಯಾಡಿಸಿ ಬೆಸುಗೆ ಎಲ್ಲಿದೆಯೆಂದು ಹುಡುಕಿದರು, ಸಿಗಲಿಲ್ಲ. ಆಚಾರಿ ಅವರ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ಶೆಟ್ಟರು ನನ್ನತ್ತ ತಿರುಗಿ, “ಇದಕ್ಕೆ ಪಾಸಿಂಗ್ ಆಗಿದೆಯಾ ಡಾಕ್ಟ್ರೇ?” ಎಂದರು.

ಸುಳ್ಳು ಹೇಳಿದ್ದರೆ ನಾಳೆ ಅವರ ಕಾರೂ ಇದೇ ಗತಿ ಕಾಣುತ್ತಿತ್ತು. ನೋಟಿಸು ತೆಗೆದು ಕೊಟ್ಟೆ. ಅವರು ಓದಿ, ಮಡಚಿ, ನನಗಲ್ಲ, ಆಚಾರಿಯ ಕೈಗೆ ಕೊಟ್ಟರು. “ಕೆಲಸ ಬಹಳ ಚಂದ ಉಂಟು ಆಚಾರ್ರೆ. ಆದ್ರೆ ಶೆಡ್ಡಲ್ಲಿಟ್ಟು ನೋಡ್ಲಿಕ್ಕೆ ನನಗೆ ಕಾರು ಬೇಡ ಮಾರಾಯ್ರೆ,” ಎಂದು ಮೆಲ್ಲಗೆ ಹೇಳಿ ಹೊರಟುಹೋದರು.

ಆಚಾರಿ ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬಿಳಿ ಅಂಗಿ ಕಳಚಿ ಮೊಳೆಗೆ ಸಿಕ್ಕಿಸಿದರು.

“ಕಾರ್ಡಲ್ಲಿ ಒಂದು ಮಾತು ಬರೆದಿದ್ರೆ ಆಗ್ತಿತ್ತು,” ಎಂದರು. “ನಾನು ಕೆಲಸ ಬಿಡ್ತಿರಲಿಲ್ಲ.”

ಕ್ಷಮಿಸಿ ಎಂದೆ. ಅವರು, ಮಾಡು ಎತ್ತಲು ಒಂದು ತಿಂಗಳು ಬೇಕು, ರೆಕ್ಕೆ ಇವತ್ತೇ ತೆಗೆಯುತ್ತೇನೆ ಎಂದರು. ಎಲ್ಲಿಗೆ ಕತ್ತರಿಸಬೇಕೋ ನೀವೇ ಗೆರೆ ಹಾಕಿ ಎಂದು ಸೀಮೆಸುಣ್ಣ ನನ್ನ ಕೈಗಿತ್ತರು. ಹಾಕಿದೆ. ಗೆರೆ ಸೊಟ್ಟಗಾಯಿತು. ಅಳಿಸಲು ಹೋದರೆ ಬೇಡವೆಂದರು.

ಎರಡು ಗಂಟೆಗೆ ಮಂಗಳೂರಿನಿಂದ ಹಾಸನಕ್ಕೆ ಬಸ್ಸಿತ್ತು. ರಸ್ತೆಗೆ ಬಂದಾಗ ಹಿಂದಿನಿಂದ ಸುತ್ತಿಗೆಯ ಸದ್ದು ಕೇಳಿ ತಿರುಗಿದೆ. ಮೂರು ವರ್ಷದ ಹಿಂದೆ ಇದೇ ರೆಕ್ಕೆಯ ಒಂದು ಅಂಚು ನೇರವಾಗಲೆಂದು ಎಂಟು ದಿನ ಕೂತಿದ್ದ ಮನುಷ್ಯ, ನಾನು ಎಳೆದ ಸೊಟ್ಟ ಗೆರೆಯ ಮೇಲೆಯೇ ಉಳಿ ಇಟ್ಟು ಬಡಿಯುತ್ತಿದ್ದರು.