ಬಸ್ಸು ಬರುವವರೆಗೆ ಕನ್ನಡ

ಜನವರಿ ೯, ಶುಕ್ರವಾರ, ಒಮಾನಿನ ಸೊಹಾರ್. ಬರೆಯಲು ಕೂತಾಗ ಬೆಳಗ್ಗೆ ಏಳೂಕಾಲು.

ಟೀಚರ್ ತಮ್ಮ ತುರುಬಿಗೆ ಸದಾ ಒಂದು ಕೆಂಪು ಪೆನ್ನು ಚುಚ್ಚಿಕೊಂಡಿರುತ್ತಿದ್ದರು. ನಮ್ಮ ತಪ್ಪು ತಿದ್ದಲು ಅದನ್ನು ಎಳೆದರೆ ತುರುಬು ಅರ್ಧ ಬಿಚ್ಚಿ ಭುಜದ ಮೇಲೆ ಬೀಳುತ್ತಿತ್ತು. ತಿದ್ದುವುದು ಮುಗಿಯುವ ತನಕ ಅವರಿಗೆ ಅದರ ಗೊಡವೆ ಇಲ್ಲ. ಆದರೆ ಹೊರಗೆ ದುಬೈ ಬಸ್ಸು ಬ್ರೇಕು ಹಾಕಿ ಬುಸ್ಸೆಂದದ್ದು ಕೇಳಿಸಿದರೆ ಸಾಕು, ಕೂದಲನ್ನು ಬಿಗಿಯಾಗಿ ಸುತ್ತಿ, ಪೆನ್ನು ಸಿಕ್ಕಿಸಿ ಎದ್ದೇಬಿಡುತ್ತಿದ್ದರು. "ಇವತ್ತಿಗೆ ಇಷ್ಟ ಸಾಕ್ರಿ" ಅಂದರೆ ಆ ವಾರದ ಪಾಠ ಮುಗಿಯಿತು.

ನಮ್ಮ ಕನ್ನಡ ಶಾಲೆ ನಡೆದದ್ದು ಮಸ್ಕತ್ತಿನ ರೂವಿಯಲ್ಲಿ, ಹಳೆಯ ಬಸ್ ನಿಲ್ದಾಣದ ಕಾಯುವ ಕೋಣೆಯಲ್ಲಿ. ಟೀಚರ್ ಬಾಗಲಕೋಟೆ ಕಡೆಯವರು. ಇಂಡಿಯನ್ ಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಅವರ ಯಜಮಾನರಿಗೆ ದುಬೈಯಲ್ಲಿ ಮೆಟ್ರೋ ಹಳಿಗಳನ್ನು ನೋಡಿಕೊಳ್ಳುವ ಕೆಲಸ. ಗುರುವಾರ ಸಂಜೆ ಬಸ್ಸಿನಲ್ಲಿ ಬಂದು ಶನಿವಾರ ಮರಳುತ್ತಿದ್ದರು. ನಾವು ಮಕ್ಕಳು ಅವರಿಗೆ ಇಟ್ಟ ಹೆಸರು 'ಬಸ್ ಸರ್'.

ನಮ್ಮ ತಂದೆ, ಅಂದರೆ ಉಪ್ಪನ ಬಟ್ಟೆ ಅಂಗಡಿ ನಿಲ್ದಾಣದ ಎದುರಿಗೇ ಇತ್ತು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷು, ಅಂಗಡಿಯಲ್ಲಿ ಹಿಂದಿ. ಕನ್ನಡ ನಮ್ಮ ಕಿವಿಗೆ ಬೀಳುತ್ತಿತ್ತೇ ಹೊರತು ಕಣ್ಣಿಗೆ ಹತ್ತಿರಲಿಲ್ಲ. ಸೀರೆಗೆ ಫಾಲ್ಸ್ ಕೊಳ್ಳಲು ಬಂದ ಟೀಚರನ್ನು ಉಪ್ಪ ಒಂದು ದಿನ ಹಿಡಿದರು.

"ಟೀಚರೇ, ನನ್ನ ಮಕ್ಕಳಿಗೆ ಕನ್ನಡ ಓದ್ಲಿಕ್ಕೇ ಬರುದಿಲ್ಲ ಮಾರಾಯ್ರೆ. ಊರಿಗೆ ಹೋದ್ರೆ ಬಸ್ಸಿನ ಬೋರ್ಡು ಸಹ ನಾನೇ ಓದಿ ಹೇಳ್ಬೇಕು."

"ಗುರುವಾರ ಸಂಜಿ ನಾ ಹೆಂಗೂ ಸ್ಟ್ಯಾಂಡಿನಾಗ ಕುಂತಿರ್ತೀನ್ರಿ ಅಣ್ಣಾರ. ಅಲ್ಲೇ ಕಳಸ್ರಿ. ಆದ್ರ ಬಸ್ ಬಂದ್ ಮ್ಯಾಲೆ ನನ್ನ ಹಿಡೀಬ್ಯಾಡ್ರಿ."

ಹಾಗೆ ನಾನು, ನನ್ನ ತಮ್ಮ ಮತ್ತು ಮೇಲಿನ ಮನೆಯ ಇಬ್ಬರು ಹುಡುಗಿಯರು ಅಲ್ಲಿಗೆ ಹೋಗತೊಡಗಿದೆವು. ಗಡಿಯಲ್ಲಿ ಪಾಸ್‌ಪೋರ್ಟಿನ ಸಾಲು ಉದ್ದವಾದರೆ ಪಾಠವೂ ಉದ್ದ, ಗಡಿ ಖಾಲಿಯಿದ್ದರೆ ಒಂದು ಪುಟಕ್ಕೇ ಬಿಡುಗಡೆ. ಬಸ್ಸು ತಡವಾದ ವಾರಕ್ಕೆ ನಾನು ಡೈರಿಯಲ್ಲಿ ಒಂದು ಗೀಟು ಎಳೆಯುತ್ತಿದ್ದೆ. ಡೈರಿ ಬರೆಯುವ ಅಭ್ಯಾಸ ಹಿಡಿಸಿದವರೂ ಅವರೇ. ಪುಟದ ಮೇಲೆ ತಾರೀಖು ಇಲ್ಲದಿದ್ದರೆ ಓದುತ್ತಲೇ ಇರಲಿಲ್ಲ. "ಯಾವಾಗಿಂದು ಅಂತ ಗೊತ್ತಾಗ್ಲಿಲ್ಲಂದ್ರ ನಾ ಏನ್ ಓದ್ಲಿ ತಂಗಿ?" ಎಂದು ಹಿಂದಕ್ಕೆ ಕೊಡುತ್ತಿದ್ದರು.

ಅವರಿಂದ ಅಕ್ಷರದ ಜೊತೆ ಮಾತೂ ಅಂಟಿತು. ರಜೆಯಲ್ಲಿ ಬಂಟ್ವಾಳಕ್ಕೆ ಹೋದಾಗ ನಾನು ಮೀನಿನವಳನ್ನು "ಭಾಳ ತುಟ್ಟಿ ಆತಲ್ರಿ" ಎಂದು ಕೇಳಿದೆ. ಉಪ್ಪ ಫೋನಿನಲ್ಲಿ ಟೀಚರ್‌ಗೆ ದೂರು ಕೊಟ್ಟರು: "ಎಂತದು ಟೀಚರೇ, ಕುಡ್ಲದ ಹುಡುಗಿಯನ್ನು ಬಾಗಲಕೋಟೆಗೆ ದತ್ತು ತಕೊಂಡ್ರಾ?"

"ಒಂದ್ ರೊಟ್ಟಿ ತಿನ್ನಾಕ ಬರಂಗಿಲ್ರಿ ಅಕಿಗೆ, ದತ್ತು ಹೆಂಗ ತಗೊಳ್ಲಿ?" ಎಂದು ಆ ಕಡೆಯಿಂದ ಉತ್ತರ ಬಂತು.

ಟೀಚರ್ ಒಂದು ಕಾಗುಣಿತದ ಪಟ ತರುತ್ತಿದ್ದರು. ನಿಲ್ದಾಣದ ನೋಟೀಸ್ ಬೋರ್ಡಿನ ಮೊಳೆಗೆ ಅದನ್ನು ತೂಗುಹಾಕುವುದು ನಮ್ಮ ರೂಢಿ. ಒಂದು ಗುರುವಾರ ಪಾಠ ಮುಗಿಯಲೇ ಇಲ್ಲ. ಕೋಣೆಯಲ್ಲಿ ನಮ್ಮನ್ನು ಬಿಟ್ಟು ಯಾರೂ ಇರಲಿಲ್ಲ. ಟಿಕೆಟ್ ಕಿಟಕಿ ಮುಚ್ಚಿತ್ತು. ಟಿಕೆಟ್ ಕೊಡುವವರು ನಮಾಜಿಗೆ ಹೋಗಿರಬೇಕು ಅಂದುಕೊಂಡೆವು. ಕೊನೆಗೆ ಕಿಟಕಿಯಲ್ಲಿ ಕೂರುತ್ತಿದ್ದ ಒಮಾನಿ ಮುದುಕರು ತಮ್ಮ ಕುರ್ಚಿ ಒಯ್ಯಲು ಬಂದರು. ನಮ್ಮನ್ನು ನೋಡಿ ಹಣೆ ಬಡಿದುಕೊಂಡರು.

"ಟೀಚರ್! ಬಸ್ ಇಧರ್ ಮಾಫಿ. ಖಲಾಸ್!" ಬಸ್ಸು ಇಲ್ಲಿಗೆ ಇಲ್ಲ, ಮುಗಿಯಿತು ಎನ್ನುತ್ತ ನಮ್ಮ ಪಟವನ್ನು ಎತ್ತಿ ತೋರಿಸಿದರು. ಅದರಡಿಯಲ್ಲಿ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಅಕ್ಷರದ ನೋಟೀಸು: ದುಬೈ ಬಸ್ಸು ಇನ್ನು ರೂವಿಗೆ ಬರುವುದಿಲ್ಲ, ಊರಾಚೆ ಅಝೈಬಾದಲ್ಲೇ ನಿಲ್ಲುತ್ತದೆ. ಹಿಂದಿನ ವಾರವೂ ಅದು ಅಲ್ಲೇ ಇತ್ತು. ಅದರ ಮೇಲೆ ಕನ್ನಡ ಹೊದಿಸಿ ನಾವು 'ಕ ಕಾ ಕಿ ಕೀ' ಓದಿದ್ದೆವು.

ಉಪ್ಪ ಅಂಗಡಿಯ ವ್ಯಾನು ತೆಗೆದರು, ನಾವೆಲ್ಲ ಹತ್ತಿಕೊಂಡೆವು. ಅಝೈಬಾದಲ್ಲಿ ಖಾಲಿ ಬಸ್ಸು ನಿಂತಿತ್ತು, ಬಸ್ ಸರ್ ಇರಲಿಲ್ಲ. ಅವರ ದುಬೈ ಸಿಮ್ಮು ಗಡಿಯ ಈಚೆ ಕೆಲಸ ಮಾಡುತ್ತಿರಲಿಲ್ಲ. ತಿರುಗಿ ರೂವಿಗೆ ಬಂದರೆ ಬಸ್ ಸರ್ ನಮ್ಮ ಬೆಂಚಿನ ಮೇಲೆಯೇ, ಬಿಟ್ಟುಹೋದ ಪಟದ ಕೆಳಗೆ ಕೂತು ನಮ್ಮ ಕಾಪಿ ಪುಸ್ತಕ ಓದುತ್ತಿದ್ದರು. ಟ್ಯಾಕ್ಸಿ ಹಿಡಿದು ಬಂದಿದ್ದರಂತೆ.

"ಬರ್ರಿ ಬರ್ರಿ. ಟೀಚರ್ ಇಲ್ಲ, ಹುಡುಗ್ರಿಲ್ಲ, ಸಾಲಿ ಒಂದ ಇಲ್ಲಿ ಉಳದಿತ್ತು. ನಾ ಕಾವಲ ಕುಂತೇನಿ."

ಟೀಚರ್ ನಗಬೇಕೆಂದು ಬಾಯಿ ತೆರೆದವರು ಅತ್ತುಬಿಟ್ಟರು. ಅವರಿಗೆ ವಾರದಲ್ಲಿ ಸಿಗುವುದು ಎಷ್ಟು ಹೊತ್ತು, ಅದರಲ್ಲಿ ಒಂದು ಸಂಜೆ ಕಳೆದರೆ ಏನಾಗುತ್ತದೆ ಎಂಬುದು ನನಗೆ ಅಂದು ತಿಳಿಯಿತು.

ಟೀಚರ್‌ಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಡ್ರಮ್ಮುಗಳ ನಡುವೆ ಹಿಂದಕ್ಕೆ ತೆಗೆದು ನಿಲ್ಲಿಸುವ ಲೈಸೆನ್ಸ್ ಪರೀಕ್ಷೆಯಲ್ಲೇ ಪ್ರತಿ ಸಲ ಫೇಲು. "ಗಣಿತದ ಟೀಚರಿಗೆ ನಾಲ್ಕು ಡ್ರಮ್ಮಿನ ಲೆಕ್ಕ ಸಿಗುದಿಲ್ವಾ?" ಎಂದು ಉಪ್ಪ ಕಾಡುತ್ತಿದ್ದರು. ಹಾಗಾಗಿ ಗುರುವಾರದ ವ್ಯಾನು ನಮ್ಮದೇ ಆಯಿತು, ಶಾಲೆ ವ್ಯಾನಿನೊಳಗೆ ಬಂತು. ದಾರಿಯ ಬೋರ್ಡುಗಳಲ್ಲಿದ್ದುದನ್ನು ಕನ್ನಡ ಅಕ್ಷರದಲ್ಲಿ ಬರೆಯುವುದು ಪಾಠ. ಮರಳುವಾಗ ಬಸ್ ಸರ್ ಮುಂದಿನ ಸೀಟಿನಲ್ಲಿ ಕೂತು ಒಂದೇ ಕನಸು ಹೇಳುತ್ತಿದ್ದರು: "ಆ ಕಡಿಂದ ರೈಲು ಬರ್ತೈತಂತ್ರಿ. ಹಳಿ ಬಿತ್ತಂದ್ರ ನನಗೂ ಇಲ್ಲೇ ಕೆಲಸ. ಆಮ್ಯಾಲೆ ಬಸ್ಸೂ ಬ್ಯಾಡ, ನಿಮ್ಮ ವ್ಯಾನೂ ಬ್ಯಾಡ."

ಕೊರೋನಾ ಬಂದು ಗಡಿ ಮುಚ್ಚಿತು, ಬಸ್ಸು ನಿಂತಿತು. ಟೀಚರ್ ಗುರುವಾರದ ಪಾಠ ಬಿಡಲಿಲ್ಲ, ಫೋನಿನಲ್ಲಿ ನಡೆಸಿದರು. ಪಾಠ ಮುಗಿಸಲು ಬಸ್ಸಿಲ್ಲದೆ ಅದು ಎಳೆದಷ್ಟೂ ಎಳೆಯುತ್ತಿತ್ತು.

ಬಹಳ ಕಾಲದ ನಂತರ ಬಸ್ಸು ಮತ್ತೆ ಶುರುವಾದಾಗ ಅದರ ಹೊತ್ತು ಬದಲಾಗಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದು ಬದಲಾಗಿತ್ತು. ದುಬೈ ಸೇರಿದ ಎಮಿರೇಟ್ಸ್ ದೇಶ ತನ್ನ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಸರಿಸಿತ್ತು. ಒಮಾನಿನಲ್ಲಿ ಶುಕ್ರವಾರ, ಶನಿವಾರವೇ ಉಳಿದಿತ್ತು.

ಅದೇ ಹೊತ್ತಿಗೆ ಟೀಚರ್‌ಗೆ ಶಾಲೆಯಲ್ಲಿ ಮೇಲಿನ ಹುದ್ದೆ ಕೊಡುವ ಮಾತು ನಡೆದಿತ್ತು. ಅವರು ಅಂಗಡಿಗೆ ಬಂದು, ರಾಜೀನಾಮೆ ಕೊಟ್ಟೆ ಎಂದರು. ಉಪ್ಪನ ಕೈಯಲ್ಲಿದ್ದ ಕತ್ತರಿ ಬಟ್ಟೆಯ ಮೇಲೆಯೇ ನಿಂತಿತು.

"ಎಂತ ಹೇಳ್ತೀರಿ ಟೀಚರೇ! ಅಲ್ಲಿ ಕೆಲಸ ಸಿಕ್ಕಿದೆಯಾ?"

"ಇಲ್ರಿ. ಹೋದ ಮ್ಯಾಲೆ ನೋಡೋದು. ನನ್ನ ಶುಕ್ರವಾರ ಅವರಿಗೆ ಡ್ಯೂಟಿ. ಅವರ ಐತ್ವಾರ ನನಗ ಸಾಲಿ. ನಡುವ ಒಂದ ಶನಿವಾರ ಉಳೀತು, ಅದೂ ಬಸ್ಸಿನಾಗ ಹೋಗ್ತದ."

"ರೈಲು ಬರ್ತದೆ ಅಂತಾರಲ್ಲ, ಸ್ವಲ್ಪ ತಡೀರಿ."

"ರೈಲು ಬರೂತನಕ ನಾ ಮುದುಕಿ ಆಗ್ತೀನ್ರಿ ಅಣ್ಣಾರ. ಬಸ್ ಇವತ್ತ ಐತಿ."

ಅಷ್ಟು ವರ್ಷ ಆ ಬಸ್ಸಿಗೆ ಕಾದವರು ಒಮ್ಮೆಯೂ ಅದನ್ನು ಹತ್ತಿರಲಿಲ್ಲ. ಹೊರಡುವ ದಿನ ಮೆಟ್ಟಿಲ ಮೇಲೆ ನಿಂತು ಒಳಗೆ ಇಣುಕಿ, "ಒಳಗ ಇಷ್ಟ ತಂಪ ಐತೇನು! ಅದಕ್ಕ ಅವರು ಯಾವಾಗಲೂ ನೆಗಡಿ ಹಚ್ಚಿಕೊಂಡ ಇಳೀತಿದ್ರು" ಎಂದರು. ನಾವು ಬಸ್ಸು ಬಿಡುವ ತನಕ ನಿಲ್ಲುತ್ತೇವೆಂದಾಗ ಕೈಬೀಸಿ ಕಳಿಸಿದರು. "ನಿಂದರಬ್ಯಾಡ್ರಿ. ಕಾಯೋದು ಭಾಳ ಬ್ಯಾಸರ, ನನಗ ಗೊತ್ತೈತಿ. ಮನಿಗೆ ಹೋಗಿ ಏನರ ಬರೀರಿ."

ನಾವು ನಿಂತೆವು. ಬಸ್ಸು ಹೆದ್ದಾರಿಗೆ ತಿರುಗಿದ ಮೇಲೆಯೇ ಉಪ್ಪ ವ್ಯಾನಿನ ಬಾಗಿಲು ತೆಗೆದದ್ದು.

ದುಬೈಯ ಹೊಸ ನಂಬರಿನಿಂದ ಕೆಲವು ಗುರುವಾರ ಕರೆ ಬಂತು. ಆಮೇಲೆ ಉಪ್ಪ ರೂವಿಯ ಅಂಗಡಿ ಮುಚ್ಚಿ ಸೊಹಾರಿಗೆ ಬಂದರು. ಆ ಸಾಗಾಟದಲ್ಲಿ ನನ್ನ ಫೋನು ಕಳೆದುಹೋಯಿತು, ಅವರ ನಂಬರೂ ಹೋಯಿತು. ಈಗ ಸೊಹಾರಿನಿಂದ ಅಬುಧಾಬಿಗೆ ರೈಲು ದಾರಿಯ ಕೆಲಸ ನಡೆದಿದೆ. ಅಂಗಡಿಗೆ ಬರುವ ಕೆಲಸಗಾರರ ಬಟ್ಟೆಯ ಮೇಲೆ ಅದರ ಧೂಳು ಇರುತ್ತದೆ. ಅವರಲ್ಲಿ ಬಾಗಲಕೋಟೆಯ ಮಾತು ಕೇಳಿಸುತ್ತದೋ ಎಂದು ಕಿವಿಗೊಡುತ್ತೇನೆ. ಇನ್ನೂ ಕೇಳಿಸಿಲ್ಲ.

ಇದಿಷ್ಟನ್ನೂ ಯಾರ ಸಹಾಯವೂ ಇಲ್ಲದೆ ಕನ್ನಡದಲ್ಲಿ ಬರೆದೆ. ಟೀಚರ್‌ಗೆ ನಾನು ತೀರಿಸಬೇಕಾದ ಋಣ ಎಷ್ಟೆಂದು ಹೇಳಲು ನನ್ನಲ್ಲಿ ಬೇರೆ ಪುರಾವೆ ಇಲ್ಲ. ದುಬೈಯಲ್ಲಿರುವ ಕನ್ನಡಿಗರು ಯಾರಾದರೂ ಇದನ್ನು ಓದಿ, ಮಸ್ಕತ್ತಿನಿಂದ ಬಂದ ಒಬ್ಬ ಗಣಿತದ ಟೀಚರ್ ಮತ್ತು ಮೆಟ್ರೋ ಹಳಿ ನೋಡಿಕೊಳ್ಳುವ ಅವರ ಯಜಮಾನರನ್ನು ಬಲ್ಲಿರಾದರೆ, ದಯವಿಟ್ಟು ಇದನ್ನು ಅಚ್ಚು ಹಾಕಿದ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಹಾಕಿ. ಹೆಚ್ಚೇನೂ ಬೇಡ. ಭಾನುವಾರ ಅವರಿಬ್ಬರೂ ಮನೆಯಲ್ಲಿರುತ್ತಾರೆಯೇ, ಅಷ್ಟು ತಿಳಿಸಿದರೆ ಸಾಕು.